ಭೂಮಿಯ ಪಾರುಪತ್ಯ

ಸಿರುಗುಪ್ಪ ಕುರುಗೋಡುಗಳ ಗದ್ದೆಯನ್ನು ಉಳುವ ಟ್ರ್ಯಾಕ್ಟರೂ ಬ್ರೂಸ್‌ಪೇಟೆಯ ಬೀದಿಯಲ್ಲಿ ಓಡುವ ಲಾರಿಯೂ ಭೂಗರ್ಭದ ಎಣ್ಣೆಯಿಂದಲೇ ನಡೆಯುತ್ತವೆ. ಕೋಟ್ಯಂತರ ವರ್ಷಗಳಲ್ಲಿ ಕೂಡಿದ ಆ ಎಣ್ಣೆಯನ್ನು ನಾವು ಕೆಲವೇ ತಲೆಗಳಲ್ಲಿ ಸುಡುತ್ತಿದ್ದೇವೆ. ಭತ್ತ ತೀರಿದರೆ ಮರಳಿ ಬಿತ್ತಬಹುದು. ಸುಟ್ಟ ಎಣ್ಣೆಯನ್ನು ಬಿತ್ತುವವರು ಯಾರು?

ಕೋಲಾರದ ಚಿನ್ನದ ಗಣಿಯನ್ನು ನೋಡಿರಿ. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುಚ್ಛಕ್ತಿ ಬಂದಿತು. ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆಳವು ಹೆಚ್ಚಿದಂತೆ ವೆಚ್ಚವು ಹೆಚ್ಚಿತು, ದೊರೆಯುವ ಚಿನ್ನವು ಕುಗ್ಗಿತು. 2001ರಲ್ಲಿ ಗಣಿಯು ಮುಚ್ಚಿತು. ಚಿನ್ನವು ಪೂರ್ಣವಾಗಿ ತೀರಲಿಲ್ಲ, ತೆಗೆಯುವುದರ ಲಾಭವು ತೀರಿತು. ಎಣ್ಣೆಯ ಮಾತೂ ಹೀಗೆಯೇ: ಕಡೆಯ ಹನಿಗಿಂತ ಬಹು ಮುಂಚೆ ಸುಲಭವಾಗಿ ದೊರೆಯುವ ಎಣ್ಣೆಯು ತೀರುವದು.

ಥಟ್ಟನೆ ನಿಲ್ಲುವುದೆಂದರೇನೆಂದು ನಮ್ಮ ಜಿಲ್ಲೆಯು ಬಲ್ಲದು. ಕಾನೂನು ಮೀರಿ ಅಗೆದುದರ ನಿಮಿತ್ತ 2011ರಲ್ಲಿ ಸುಪ್ರೀಂ ಕೋರ್ಟು ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಲಾರಿಗಳು ನಿಂತವು, ಕೂಲಿಯೂ ನಿಂತಿತು. 2013ರಲ್ಲಿ ಮಿತಿಯನ್ನು ಕಟ್ಟಿ ಮರಳಿ ಅಪ್ಪಣೆ ದೊರೆಯಿತು. ಆ ಮಿತಿಯನ್ನು ಮೊದಲೇ ಕಟ್ಟಿಕೊಂಡಿದ್ದರೆ ಬಡವನ ಒಲೆಯು ಆರುತ್ತಿತ್ತೋ?

ಯೋಸೇಫನು ಐಗುಪ್ತದಲ್ಲಿ ಕ್ಷಾಮ ಬಂದ ಮೇಲೆ ಕಣಜ ಕಟ್ಟಲಿಲ್ಲ. ಸುಭಿಕ್ಷದ ಏಳು ವರ್ಷಗಳಲ್ಲಿಯೇ ಬೆಳೆಯ ಐದರಲ್ಲೊಂದು ಪಾಲನ್ನು ಕೂಡಿಸಿಟ್ಟನು. ನಮಗೂ ಇದು ಸುಭಿಕ್ಷದ ಕಾಲ. ಆದಕಾರಣ ಡೀಸೆಲು ದೊರೆಯುತ್ತಿರುವಾಗಲೇ ಕೆರೆಯ ಹೂಳನ್ನು ತೆಗೆಯೋಣ. ಎತ್ತಿನ ಬೇಸಾಯವನ್ನು ಮಕ್ಕಳು ಮರೆಯದಂತೆ ನೋಡಿಕೊಳ್ಳೋಣ. ಬಿಸಿಲಿನ ಶಕ್ತಿಯಿಂದ ನೀರೆತ್ತುವುದನ್ನು ಕಲಿಯೋಣ. ಬಳ್ಳಾರಿಯ ಬಿಸಿಲನ್ನು ನಾವು ಹಳಿಯುವುದುಂಟು. ದೇವರು ದಿನದಿನವೂ ಹೊಸದಾಗಿ ತುಂಬುವ ಕಣಜವು ಅದೇ.

ನಾವು ಒಡೆಯರಲ್ಲ, ಪಾರುಪತ್ಯಗಾರರು. ಲೆಕ್ಕ ಒಪ್ಪಿಸುವ ದಿನದಲ್ಲಿ ನಮ್ಮ ಮೊಮ್ಮಕ್ಕಳ ಪಾಲು ಉಳಿದಿರಲಿ. ಆಮೆನ್.