ಏನು ಬೇಕಾದ್ರೂ ಮಾಡ್ತೀನಿ

ಪ್ರಿಯರೇ, ಇವತ್ತು ಒಂದೇ ಒಂದು ಮಾತಿನ ಬಗ್ಗೆ ಯೋಚಿಸೋಣ. "ಏನು ಬೇಕಾದ್ರೂ ಮಾಡ್ತೀನಿ." ಕೆಲಸ ಹುಡುಕುವಾಗ ನಮ್ಮಲ್ಲಿ ಎಷ್ಟೋ ಜನ ಹೇಳಿರೋ ಮಾತು ಇದು. ಇದು ದೀನತೆಯ ಮಾತೋ, ಅಪಾಯದ ಮಾತೋ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಜೂಲಿಯನ್ ಎಡೆಲ್‌ಮನ್ ಅಂತ ಒಬ್ಬ ಆಟಗಾರ. ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವನು ಕ್ವಾರ್ಟರ್‌ಬ್ಯಾಕ್. ಅಂದ್ರೆ ಚೆಂಡು ಎಸೆದು ತಂಡದ ಆಟ ನಡೆಸುವವನು. 2008ರಲ್ಲಿ ಎಸೆಯುವುದರಲ್ಲೂ ತಂಡಕ್ಕೆ ಅವನೇ ಮುಂದು, ಚೆಂಡು ಹಿಡಿದು ಓಡುವುದರಲ್ಲೂ ಅವನೇ ಮುಂದು. ಆದರೆ 2009ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿದಾಗ ಅವನ ಹೆಸರು ಬಂದದ್ದು ಏಳನೇ ಸುತ್ತಿನಲ್ಲಿ, 232ನೆಯದಾಗಿ. ಆರಿಸಿದ್ದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಅಲ್ಲಿ ಕ್ವಾರ್ಟರ್‌ಬ್ಯಾಕ್ ಯಾರು ಗೊತ್ತಾ? ಟಾಮ್ ಬ್ರೇಡಿ! ಆ ಜಾಗ ಖಾಲಿ ಆಗೋ ಮಾತೇ ಇಲ್ಲ.

ಎಡೆಲ್‌ಮನ್ ಏನು ಮಾಡಿದ? ಎಸೆಯುವವನು ಹಿಡಿಯುವುದನ್ನು ಕಲಿತ. ಎದುರಾಳಿ ದೂರಕ್ಕೆ ಒದ್ದ ಚೆಂಡನ್ನು ಹಿಡಿದು ವಾಪಸ್ ಓಡುವುದನ್ನು ಕಲಿತ. 2011ರಲ್ಲಿ ಆಟಗಾರರು ಕಡಿಮೆ ಬಿದ್ದಾಗ ಡಿಫೆನ್ಸ್‌ನಲ್ಲೂ ನಿಂತ.

ಹಾಗಾದ್ರೆ ಅವನ ಹಳೆಯ ತಲಾಂತು ಹಾಳಾಯಿತಾ? 2015ರ ಜನವರಿ, ಬಾಲ್ಟಿಮೋರ್ ರೇವನ್ಸ್ ವಿರುದ್ಧ ನಾಕೌಟ್ ಪಂದ್ಯ. ಪೇಟ್ರಿಯಟ್ಸ್ ಹಿಂದೆ ಬಿದ್ದಿತ್ತು. ಬ್ರೇಡಿ ಪಕ್ಕಕ್ಕೆ ಕೊಟ್ಟ ಚೆಂಡನ್ನು ಹಿಡಿದ ಎಡೆಲ್‌ಮನ್ ಓಡಲಿಲ್ಲ, ಎಸೆದ. 51 ಗಜ, ಟಚ್‌ಡೌನ್, ಸ್ಕೋರ್ ಸಮ! ವೃತ್ತಿಪರ ಆಟದಲ್ಲಿ ಅದು ಅವನ ಮೊದಲ ಎಸೆತ. ಆ ಪಂದ್ಯ 35-31ರಲ್ಲಿ ಗೆದ್ದರು. ಸ್ಥಾನ ಬಿಟ್ಟುಕೊಟ್ಟವನು ತನ್ನನ್ನೇ ಕಳಕೊಂಡಿರಲಿಲ್ಲ, ಪ್ರಿಯರೇ.

ಇಲ್ಲಿಗೇ ನಿಲ್ಲಿಸಿದ್ರೆ ಚೆನ್ನಾಗಿರುತ್ತೆ. ಆದರೆ ಪೂರ್ತಿ ಹೇಳಬೇಕು. 2018ರಲ್ಲಿ, ಆಟದ ಸಾಮರ್ಥ್ಯ ಹೆಚ್ಚಿಸುವ ಪದಾರ್ಥಗಳ ನಿಯಮ ಮುರಿದದ್ದಕ್ಕೆ ಲೀಗ್ ಅವನನ್ನು ನಾಲ್ಕು ಪಂದ್ಯ ಹೊರಗಿಟ್ಟಿತು. ಅದೇ ಸೀಸನ್‌ನ ಸೂಪರ್ ಬೌಲ್‌ನಲ್ಲಿ 10 ಕ್ಯಾಚ್, 141 ಗಜ, ಶ್ರೇಷ್ಠ ಆಟಗಾರ ಪ್ರಶಸ್ತಿ. ಎರಡೂ ಒಂದೇ ವರ್ಷದ ಲೆಕ್ಕದಲ್ಲಿವೆ. ಒಂದು ಇನ್ನೊಂದನ್ನು ಅಳಿಸೋದಿಲ್ಲ. ಅವನ ಮನಸ್ಸಲ್ಲಿ ಏನಿತ್ತು ಅಂತ ತೀರ್ಪು ಹೇಳೋಕೆ ನಾನು ಯಾರು? ನನ್ನ ಪ್ರಶ್ನೆ ನಮಗೆ.

"ಏನು ಬೇಕಾದ್ರೂ ಮಾಡ್ತೀನಿ" ಅನ್ನೋ ಮಾತಿಗೆ ಎರಡು ಅರ್ಥ ಇದೆ. ಒಂದು, ಯಾವ ಕೆಲಸವೂ ನನಗೆ ಕೀಳಲ್ಲ. ಇನ್ನೊಂದು, ನನಗೆ ಯಾವ ಗೆರೆಯೂ ಇಲ್ಲ. ಹೇಳುವಾಗ ಎರಡೂ ಒಂದೇ ಥರ ಕೇಳಿಸುತ್ತೆ. ಮೊದಲನೆಯದು ಅಹಂಕಾರವನ್ನು ಬಿಡಿಸುತ್ತೆ, ಎರಡನೆಯದು ಮನಸ್ಸಾಕ್ಷಿಯನ್ನೇ ಬಿಡಿಸಿಬಿಡುತ್ತೆ.

ನಾಳೆ ನಿಮ್ಮ ಮ್ಯಾನೇಜರ್ ಹೊಸ ಕೆಲಸ ಕೊಟ್ರೆ, "ಇದು ನನ್ನ ಕೆಲಸ ಅಲ್ಲ" ಅನ್ನೋ ಮುಂಚೆ ಒಂದು ಕ್ಷಣ ನಿಲ್ಲಿ. ಸುಳ್ಳು ಲೆಕ್ಕ ಬರೆಯೋಕೆ ಹೇಳಿದ್ರೆ, "ಸರಿ ಸರ್" ಅನ್ನೋ ಮುಂಚೆಯೂ ನಿಲ್ಲಿ. ಯಾವ ಜಾಗದಲ್ಲಿ ನಿಲ್ಲಿಸಿದ್ರೂ ಆಡೋಣ. ಆದರೆ ಗೆರೆ ಎಲ್ಲಿದೆ ಅಂತ ಆಟಕ್ಕೆ ಇಳಿಯೋ ಮುಂಚೆಯೇ ತೀರ್ಮಾನ ಮಾಡಿಕೊಳ್ಳೋಣ. ಇಳಿದ ಮೇಲೆ ಅದು ಕಾಣಿಸೋದು ಕಷ್ಟ.