ಕೇಳು ಎಂಬ ಮಾತು

(ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಅಶೋಕನ ಶಾಸನದ ಬಳಿ. ಚಳ್ಳಕೆರೆಯ ನಿವೃತ್ತ ಮೇಷ್ಟ್ರು, ಬಾಲಮಂದಿರದ ಮಕ್ಕಳ ಆಪ್ತಸಮಾಲೋಚಕಿ, ಬಾಲಮಂದಿರದಲ್ಲಿ ಬೆಳೆದು ಈಗ ರೇಷ್ಮೆ ಸೀರೆ ನೇಯುವ ಯುವತಿ.)

ಮೇಷ್ಟ್ರು: ತಂದೆ-ತಾಯಿ, ಗುರು-ಹಿರಿಯರ ಮಾತು ಕೇಳಬೇಕು ಅಂತ ಈ ಬಂಡೆ ಎರಡು ಸಾವಿರ ವರ್ಷದಿಂದ ಹೇಳ್ತಿದೆ. ನೀವು ನೋಡಿದ್ರೆ ಹಿರಿಯರೇ ಮಕ್ಕಳ ಮಾತು ಕೇಳಬೇಕು ಅಂತೀರಿ.

ಸಮಾಲೋಚಕಿ: ನಮ್ಮ ‘ಕೇಳು’ ಅನ್ನೋ ಮಾತನ್ನೇ ನೋಡಿ ಮೇಷ್ಟ್ರೇ. ಪ್ರಶ್ನೆ ಹಾಕೋದೂ ಕೇಳೋದೇ, ಕಿವಿಗೊಡೋದೂ ಕೇಳೋದೇ, ಹೇಳಿದಂತೆ ನಡೆಯೋದೂ ಕೇಳೋದೇ. ಮಕ್ಕಳ ಪಾಲಿಗೆ ಕೊನೆಯದೊಂದನ್ನೇ ಉಳಿಸಿದ್ದೀವಿ. 2015ರ ಬಾಲನ್ಯಾಯ ಕಾಯ್ದೆ ತನ್ನ 3ನೇ ಕಲಮಿನಲ್ಲೇ ಮಗುವಿನ ಮಾತಿಗೆ ಕಿವಿಗೊಡಬೇಕು ಅಂತ ಹೇಳಿದೆ. ತನ್ನ ಬದುಕಿನ ತೀರ್ಮಾನದಲ್ಲಿ ಪಾಲ್ಗೊಳ್ಳೋದು ಅದರ ಹಕ್ಕು. ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಅದರ ಮಾತಿಗೆ ತೂಕ ಕೊಡಬೇಕು.

ಮೇಷ್ಟ್ರು: ಮಕ್ಕಳ ಕಲ್ಯಾಣ ಸಮಿತಿ ಅಂದ್ರೆ ಅಧ್ಯಕ್ಷರು, ನಾಲ್ವರು ಸದಸ್ಯರು, ಮ್ಯಾಜಿಸ್ಟ್ರೇಟರ ಅಧಿಕಾರ. ಅವರ ಮುಂದೆ ಹತ್ತು ವರ್ಷದ ಕೂಸು ಏನಂದೀತು? ‘ಮನೆಗೆ ಹೋಗ್ತೀನಿ’ ಅಂದೀತು. ಮನೇಲಿ ಕುಡಿದು ಬಡಿಯೋ ಅಪ್ಪ. ಕಳಿಸ್ತೀರಾ?

ಸಮಾಲೋಚಕಿ: ಕಳಿಸೋಲ್ಲ.

ಮೇಷ್ಟ್ರು: ಹಂಗಾದ್ರೆ ಕೇಳಿದ್ದು ನಾಟಕ ಆಗ್ಲಿಲ್ವಾ?

ಯುವತಿ: ನಾನು ಹೇಳ್ಲಾ ಮೇಷ್ಟ್ರೇ? ‘ಸಮಿತಿ ಮುಂದೆ ಹಾಜರು ಮಾಡ್ತೀವಿ’ ಅಂದ್ರು. ನಮ್ಮ ಹಟ್ಟೀಲಿ ಹಾಜರು ಮಾಡೋದು ಕಳ್ಳರನ್ನ. ಏನೋ ತಪ್ಪು ಮಾಡಿದೀನಿ ಅಂತ ನಡುಗ್ತಾ ಹೋದೆ. ‘ಚೆನ್ನಾಗಿದ್ದೀಯಾ?’ ಅಂದ್ರು. ‘ಹೂಂ’ ಅಂದೆ. ಅದೇ ಕಡತಕ್ಕೆ ಹೋಯ್ತು. ನನಗೆ ಕೇಳಬೇಕಿದ್ದದ್ದು ತಮ್ಮ ಎಲ್ಲಿದ್ದಾನೆ ಅಂತ. ಅಲ್ಲಿ ನಾನೂ ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಮನೆಗೆ ಕಳಿಸಲಿಲ್ಲ ಅಂತ ಸಿಟ್ಟಿಲ್ಲ ನನಗೆ. ಯಾಕೆ ಅಂತ ಯಾರೂ ಹೇಳಲಿಲ್ಲ, ಅದಕ್ಕೆ ಸಿಟ್ಟು.

(ಮೇಷ್ಟ್ರು ಸ್ವಲ್ಪ ಹೊತ್ತು ಬಂಡೆಯನ್ನೇ ನೋಡುತ್ತಾರೆ.)

ಮೇಷ್ಟ್ರು: ಇದನ್ನ ಬರೆದ ಲಿಪಿಕಾರನ ಹೆಸರು ಚಪಡ. ಎಲ್ಲಾ ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬಿನ ಹೆಸರನ್ನ ಮಾತ್ರ ಖರೋಷ್ಠಿಯಲ್ಲಿ ಬರೆದ. ಅದು ದೂರದ ವಾಯವ್ಯದ ಲಿಪಿ, ಇಲ್ಲಿಯವರದಲ್ಲ. ನಿನ್ನ ಕಡತ ನಿನಗೆ ಹಾಗೇ ಇತ್ತು ಅನ್ನು.

ಸಮಾಲೋಚಕಿ: ಅದಕ್ಕೇ ಈಗ ಸಭೆಯ ಹಿಂದಿನ ದಿನ ಮಗುವಿನ ಪಕ್ಕ ಕೂರ್ತೀನಿ. ಯಾರ್ಯಾರು ಬರ್ತಾರೆ, ಎಲ್ಲಿ ಕೂರ್ತಾರೆ, ಇಬ್ಬರೂ ಚಿತ್ರ ಬರೀತೀವಿ. ಆರೈಕೆ ಯೋಜನೆಯಲ್ಲಿ ಅದರ ಓದು, ಆರೋಗ್ಯ, ಮನೆಯವರ ಬಗ್ಗೆ ಏನಿದೆ ಅಂತ ಓದಿ ಹೇಳ್ತೀನಿ. ‘ಇದು ಸುಳ್ಳು’ ಅಂದ್ರೆ ಗುರುತು ಹಾಕ್ತೀನಿ. ಬಾಯಿ ಬಾರದಿದ್ರೆ ಚೀಟಿ ಬರೀಲಿ. ಈ ಗಡಿಯಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಅದರಲ್ಲೇ ಹೇಳ್ಲಿ. ಸಂಜೆ ಮತ್ತೆ ಕೂತು, ಏನಾಯ್ತು, ಯಾಕಾಯ್ತು, ಮತ್ತೆ ಯಾವಾಗ ಕೇಳಬಹುದು ಅಂತ ಹೇಳೋವರೆಗೂ ನನ್ನ ಪಾಲಿಗೆ ಸಭೆ ಮುಗಿಯೋಲ್ಲ.

ಮೇಷ್ಟ್ರು: ಮಕ್ಕಳ ಗ್ರಾಮಸಭೆಯಲ್ಲಿ ಪಂಚಾಯ್ತಿ ಅಧ್ಯಕ್ಷರನ್ನೇ ‘ಶೌಚಾಲಯಕ್ಕೆ ನೀರೆಲ್ಲಿ?’ ಅಂತ ಕೇಳೋ ಮಕ್ಕಳನ್ನ ನಾನೇ ಕಂಡಿದೀನಿ. ಈ ಮಕ್ಕಳ ಮೇಲೆ ಮಾತ್ರ ಯಾಕೆ ಅನುಮಾನಪಟ್ಟೆನೋ. (ಯುವತಿಯ ಕಡೆ ತಿರುಗಿ) ತಮ್ಮ ಸಿಕ್ಕಿದ್ನಾ ತಾಯಿ?

ಯುವತಿ: ಆರು ವರ್ಷ ಆದ್ಮೇಲೆ. ಅದೇ ಊರಲ್ಲಿ, ಹುಡುಗರ ಬಾಲಮಂದಿರದಲ್ಲಿದ್ದ.