ಪುಸ್ತಕ ಮುಚ್ಚಿದ ಮೇಲೆ

ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿಯಲ್ಲಿ, ಚನ್ನರಾಯಪಟ್ಟಣಕ್ಕೆ ಮೊದಲು ಸಿಗುವ ಹೋಬಳಿ ಊರು ಹಿರೀಸಾವೆ. ಅಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ ಪರಿಚಯದ ತಾಯಿಯೊಬ್ಬರು ಕೈಚೀಲದಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಹಬ್ಬಕ್ಕೆ ಬಂದವಳು ಎರಡು ರಾತ್ರಿ ದೀಪ ಆರಿಸದೆ ಅದನ್ನು ಓದಿ, ಹೊರಡುವ ಗಡಿಬಿಡಿಯಲ್ಲಿ ಮರೆತು ಹೋಗಿದ್ದಳಂತೆ. ಹೊದಿಕೆಯ ಮೇಲೆ ಕೋಟೆ, ಕುದುರೆ, ನೆಲ ಗುಡಿಸುವ ಉಡುಪಿನ ಚೆಲುವೆ. ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಸಿರಿವಂತನೊಬ್ಬನ ಪ್ರಣಯದ ಕಥೆ.

“ಇಂಥಾದ್ದನ್ನ ಓದೋದು ಪಾಪ ಅಲ್ವಾ ಸ್ವಾಮಿ? ಮನೆಗೆ ಗಂಡಿನ ಕಡೆಯೋರು ಬಂದು ನೋಡ್ಕೊಂಡು ಹೋಗ್ತಾನೇ ಇದಾರೆ. ಇವಳು ಒಬ್ಬರನ್ನೂ ಒಪ್ತಾ ಇಲ್ಲ,” ಎಂದರು.

ಪ್ರಿಯ ಓದುಗರೇ, ನಿಮ್ಮಲ್ಲಿ ಕೆಲವರ ಮನೆಯಲ್ಲೂ ಈ ಪ್ರಶ್ನೆ ಎದ್ದಿರಬಹುದು. ಪುಸ್ತಕದ ಬದಲು ಮೊಬೈಲಿನ ಪರದೆ ಇದ್ದೀತು, ಅಷ್ಟೇ. ಓದಬಾರದ ಗ್ರಂಥಗಳ ಪಟ್ಟಿಯೊಂದು ಧರ್ಮಸಭೆಯಲ್ಲಿ 1559ರಿಂದ ಇತ್ತು. 1966ರಲ್ಲಿ ಅದು ಕಾನೂನಾಗಿ ಉಳಿಯಲಿಲ್ಲ. ಪಟ್ಟಿ ಇದ್ದಾಗ ಉತ್ತರ ಸುಲಭವಾಗಿತ್ತು. ಇಂದು ಓದುವವರ ಮನಸ್ಸಾಕ್ಷಿಯೇ ಅದನ್ನು ಹುಡುಕಬೇಕು. ಪ್ರೇಮದ ಕಥೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತೆಯೂ ಇಲ್ಲ. ಹಾಗೆ ತಳ್ಳಿದರೆ ಪವಿತ್ರ ಗ್ರಂಥದಲ್ಲಿರುವ ಪರಮಗೀತೆಯನ್ನು ಏನು ಮಾಡೋಣ?

ಇಂತಹ ಪುಸ್ತಕಗಳನ್ನು ನಮ್ಮ ಸಂತರೂ ಓದಿದ್ದಾರೆ, ಅದೂ ಹಸಿದವರಂತೆ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಇಗ್ನೇಷಿಯಸ್, ಲೊಯೋಲದ ತಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಕೂಡಿಕೊಂಡ ಮೂಳೆ ಉಬ್ಬಿ ನಿಂತು, ಬಿಗಿಯಾದ ಬೂಟಿನಲ್ಲಿ ಅಂದಗೆಟ್ಟು ಕಾಣುವುದೆಂದು ಅದನ್ನು ಕೊಯ್ಯಿಸಿಕೊಂಡ ಶೋಕಿಲಾಲ ಆತ. ಹೊತ್ತು ಕಳೆಯಲು ಕೇಳಿದ್ದು ವೀರಯೋಧರ ಪ್ರಣಯಸಾಹಸದ ಕಥೆಗಳನ್ನು. ಮನೆಯಲ್ಲಿ ಅಂಥದೊಂದೂ ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತರ ಜೀವನ ಚರಿತ್ರೆ, ಸಂತರ ಕಥೆಗಳು. ಅವನ್ನು ಓದುತ್ತಲೇ, ನಡುವೆ ರಾಜವಂಶದ ಹೆಣ್ಣೊಬ್ಬಳಿಗಾಗಿ ತಾನು ಮಾಡಲಿರುವ ಸಾಹಸಗಳನ್ನು ಮೂರು ನಾಲ್ಕು ಗಂಟೆ ಮೈಮರೆತು ಕಲ್ಪಿಸಿಕೊಳ್ಳುತ್ತಿದ್ದರು.

ಕ್ರಮೇಣ ಅವರೊಂದು ಸಂಗತಿ ಗಮನಿಸಿದರು. ಎರಡು ಬಗೆಯ ಕನಸುಗಳೂ ಕಾಣುವಾಗ ಹಿತವಾಗಿಯೇ ಇದ್ದವು. ಮುಗಿದ ಮೇಲೆ ಮಾತ್ರ ಪ್ರಣಯದ ಕನಸು ಮನಸ್ಸನ್ನು ಬರಡಾಗಿ, ಅತೃಪ್ತವಾಗಿ ಬಿಟ್ಟು ಹೋಗುತ್ತಿತ್ತು. ಸಂತರಂತೆ ಬದುಕುವ ಕನಸು ಹೋದ ಮೇಲೂ ಸಂತಸ ಉಳಿಯುತ್ತಿತ್ತು. ಮುಂದೆ ಯೇಸು ಸಭೆಯನ್ನು ಸ್ಥಾಪಿಸಿದ ಈ ಸಂತರ ವಿವೇಚನೆಯ ಬೋಧನೆ ಮೊಳೆತದ್ದು ಈ ಚಿಕ್ಕ ಗಮನಿಕೆಯಲ್ಲಿ. ಓದುವಾಗ ಎಷ್ಟು ಸುಖವಾಯಿತು ಎಂಬುದರ ಜೊತೆಗೆ, ಓದಿ ಎದ್ದಾಗ ಏನು ಉಳಿಯಿತೆಂದೂ ಅವರು ನೋಡಿದರು. ನಾವು ನೋಡುವುದು ಹೊದಿಕೆಯ ಚಿತ್ರವನ್ನು!

ಹಾಗೆಂದು ಆ ಕಥೆಗಳನ್ನು ಇಗ್ನೇಷಿಯಸ್ ಪೂರ್ತಿ ಒದರಿಕೊಂಡರೇ? ಇಲ್ಲ. 1522ರ ಮಾರ್ಚ್‌ನಲ್ಲಿ, ಮಂಗಳವಾರ್ತೆಯ ಹಬ್ಬದ ಹಿಂದಿನ ರಾತ್ರಿ, ಮೋಂತ್ಸೆರಾತ್ ಬೆಟ್ಟದಲ್ಲಿ ಮಾತೆ ಮರಿಯಳ ಪೀಠದ ಮುಂದೆ ತಮ್ಮ ಖಡ್ಗವನ್ನು ಒಪ್ಪಿಸಿ, ಇಡೀ ರಾತ್ರಿ ನಿಂತು, ಮೊಣಕಾಲೂರಿ ಜಾಗರಣೆ ಮಾಡಿದರು. ಯೋಧನಾಗುವವನು ಆಯುಧಗಳೆದುರು ರಾತ್ರಿಯಿಡೀ ಕಾಯುವ ಈ ಪದ್ಧತಿ ತನಗೆ ಹೊಳೆದದ್ದು ಅಮಾದಿಸ್‌ನಂತಹ ಪ್ರಣಯವೀರರ ಕಥೆಗಳಿಂದಲೇ ಎಂದು ತಮ್ಮ ಜೀವನಕಥೆಯಲ್ಲಿ ಅವರೇ ಹೇಳಿ ಬರೆಸಿದ್ದಾರೆ. ದೇವರು ಆ ಓದನ್ನೂ ವ್ಯರ್ಥವಾಗಲು ಬಿಡಲಿಲ್ಲ.

ಆವಿಲಾದ ಸಂತ ತೆರೇಸಾರದು ಇನ್ನೂ ಮನೆಗೆ ಹತ್ತಿರದ ಕಥೆ. ಅವರ ತಾಯಿಗೆ ಇಂತಹ ಕಥೆಗಳೆಂದರೆ ಪ್ರೀತಿ. ಎಳೆಯ ವಯಸ್ಸಿಗೇ ಮದುವೆಯಾಗಿ, ಹೆರಿಗೆಯ ಮೇಲೆ ಹೆರಿಗೆಯಲ್ಲಿ ಬಸವಳಿದು, 33ನೆಯ ವಯಸ್ಸಿಗೆ ಕಣ್ಣುಮುಚ್ಚಿದ ಹೆಣ್ಣು ಆಕೆ. ತನ್ನ ಕಷ್ಟಗಳನ್ನು ಮರೆಯಲು ಓದುತ್ತಿದ್ದಿರಬೇಕು, ಮನೆಗೆಲಸವನ್ನೇನೂ ಕೆಡಿಸಲಿಲ್ಲ ಎಂದು ಮಗಳು ನೆನೆಯುತ್ತಾರೆ. ಆದರೆ ಅದೇ ಪುಸ್ತಕಗಳು ಮಗಳಿಗೆ ಚಟವಾದವು. ಹೊಸದೊಂದು ಕೈಯಲ್ಲಿಲ್ಲದಿದ್ದರೆ ನೆಮ್ಮದಿಯೇ ಇರುತ್ತಿರಲಿಲ್ಲ. ತಂದೆಗೆ ಇದು ಸೇರದು. ಆದ್ದರಿಂದ ತಾಯಿಯೂ ಮಕ್ಕಳೂ ಅವರ ಕಣ್ಣಿಗೆ ಬೀಳದಂತೆ ಓದಬೇಕಾಗಿತ್ತು. ಒಂದೇ ಪುಸ್ತಕ, ತಾಯಿಗೆ ನೆರಳು, ಮಗಳಿಗೆ ಜಾರುಹಾದಿ. ಆ ಮನೆಯಲ್ಲಿ ಹೆಚ್ಚು ಕೆಡುಕು ಮಾಡಿದ್ದು ಪುಸ್ತಕಕ್ಕಿಂತ ಆ ಬಚ್ಚಿಡುವಿಕೆಯೇ ಇರಬೇಕೆಂದು ನನಗೆ ಅನ್ನಿಸುತ್ತದೆ. ಸಂತ ತೆರೇಸಾ ಇದನ್ನು ಒಪ್ಪುತ್ತಿದ್ದರೋ ಇಲ್ಲವೋ.

ಚಾರಿತ್ರಿಕ ಪ್ರಣಯದ ರುಚಿ ಪಾಶ್ಚಾತ್ಯರದಷ್ಟೇ ಎಂದುಕೊಳ್ಳಬೇಡಿ. ಹೊಯ್ಸಳ ರಾಣಿ ಶಾಂತಲೆಯ ಬಾಳನ್ನು ಕೆ.ವಿ. ಅಯ್ಯರ್ ‘ಶಾಂತಲಾ’ ಎಂದು, ಸಿ.ಕೆ. ನಾಗರಾಜರಾವ್ ‘ಪಟ್ಟಮಹಾದೇವಿ ಶಾಂತಲದೇವಿ’ ಎಂದು ಕಾದಂಬರಿಯಾಗಿಸಿದರು. ಆ ತಾಯಿಯ ವಯಸ್ಸಿನ ಎಷ್ಟೋ ಹೆಂಗಸರು ಇವನ್ನು ಓದಿ ಕಣ್ಣೊರೆಸಿಕೊಂಡಿದ್ದಾರೆ. ಆಗ ಯಾರೂ ಪಾಪವೆನ್ನಲಿಲ್ಲ. ಹಿರೀಸಾವೆಯಿಂದ ಶ್ರವಣಬೆಳಗೊಳಕ್ಕೆ ಕವಲೊಡೆಯುವ ದಾರಿ ಹಿಡಿದರೆ, ಚಿಕ್ಕಬೆಟ್ಟದ ಮೇಲೆ 1123ರ ಸುಮಾರಿಗೆ ಶಾಂತಲೆ ಕಟ್ಟಿಸಿದ ಬಸದಿ ಇಂದಿಗೂ ಇದೆ. ಹೆಸರು ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದಗಜ ಎಂಬುದು ಆಕೆಯ ಬಿರುದು. ಮದುವೆಯೊಂದಿಗೆ ಮುಗಿಯುವ ಕಥೆಯಲ್ಲಿ ಈ ಬಿರುದಿಗೆ ಜಾಗ ಸಿಗುವುದಿಲ್ಲ. ಮದುವೆಯ ನಂತರ ಆಕೆ ಯಾರ ಯಾರ ನಡುವೆ ಬಾಳಬೇಕಾಯಿತು, ಆ ಬಾಳಿಗೆ ಎಷ್ಟು ಗಟ್ಟಿತನ ಬೇಕಾಯಿತು ಎಂಬುದನ್ನು ಒಂದೇ ಪದದಲ್ಲಿ ಕಲ್ಲು ಕಾದಿಟ್ಟಿದೆ.

ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆ ಸಾವಿನ ಸುತ್ತ ಜನ ಕಟ್ಟಿದ ತ್ಯಾಗದ ಕಥೆ ನೀವೂ ಕೇಳಿರುತ್ತೀರಿ. ಬೆಳಗೊಳದ ಶಾಸನ ಇನ್ನೊಬ್ಬರ ಮಾತನ್ನೂ ಹೇಳುತ್ತದೆ. ಮಗಳು ಹೋದ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸಲ್ಲೇಖನ ಕೈಗೊಂಡು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು. ಅದು ಅವರ ಧರ್ಮದ ವ್ರತ. ಅದರ ವಿಚಾರಕ್ಕೆ ನಾನು ಹೋಗಲಾರೆ. ಆದರೆ ರಾಜ-ರಾಣಿಯರ ಪ್ರಣಯ ಓದಿ ಕರಗುವ ನಾವು ಆ ತಾಯಿಗಾಗಿ ಒಂದು ಕ್ಷಣವಾದರೂ ನಿಂತಿದ್ದೇವೆಯೇ? ಕಾದಂಬರಿ ಓದಿ ಎದ್ದ ಕಣ್ಣಿಗೆ ಅಡುಗೆಮನೆಯಲ್ಲಿ ನಿಂತಿರುವ ತಾಯಿ, ಅಥವಾ ಹೊಲದಿಂದ ಬಂದು ಜಗಲಿಯಲ್ಲಿ ಕುಳಿತ ಗಂಡ, ಮೊದಲಿಗಿಂತ ಮಸುಕಾಗಿ ಕಾಣುತ್ತಾರೋ, ಸ್ಪಷ್ಟವಾಗಿ ಕಾಣುತ್ತಾರೋ? ಇಗ್ನೇಷಿಯಸ್ ಹಾಸಿಗೆಯಲ್ಲಿ ಮಲಗಿ ತಮ್ಮನ್ನು ಕೇಳಿಕೊಂಡದ್ದನ್ನು ಸಂಸಾರಸ್ಥರು ಹೀಗೆ ಕೇಳಿಕೊಳ್ಳಬಹುದು.

ಅಂದು ನಿಲ್ದಾಣದಲ್ಲಿ ಇಷ್ಟೆಲ್ಲ ಹೇಳಲು ಹೊತ್ತಿರಲಿಲ್ಲ. “ಕಥೆಯಲ್ಲಿ ಏನಿದೆ ಅಂತ ಮಗಳನ್ನು ಕೇಳಿದ್ದೀರಾ ಅಮ್ಮಾ?” ಎಂದಷ್ಟೇ ಕೇಳಿದೆ. ಕೇಳಿಲ್ಲವೆಂದರು. ಬಂದ ಗಂಡುಗಳನ್ನು ಏಕೆ ಬೇಡವೆಂದಳೆಂದು ಕೇಳಿದಿರಾ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಸ್ಸು ಬಂತು. ಹತ್ತುವ ಮೊದಲು ಅವರು ಆ ಪುಸ್ತಕವನ್ನು, ಪುಟ ಮಡಿಸಿದ್ದ ಗುರುತು ಹಾಳಾಗದಂತೆ, ಸೀರೆಯೊಂದರ ಮಡಿಕೆಯಲ್ಲಿಟ್ಟು ಚೀಲಕ್ಕೆ ಹಾಕಿಕೊಂಡರು.